ಗಿಡ್ಡ ಏಣಿ ಸಾಹೇಬ

ಆಳಂದದಲ್ಲಿ ಸರ್ಕಾರ ನನಗೆ ಕೊಟ್ಟ ಹುದ್ದೆ ಅಗ್ನಿಶಾಮಕ ಠಾಣಾಧಿಕಾರಿಯದು. ಊರು ಕೊಟ್ಟ ಹೆಸರು ಗಿಡ್ಡ ಏಣಿ ಸಾಹೇಬ. ಹುದ್ದೆ ಸಿಗಲು ವರ್ಷಗಟ್ಟಲೆ ಓದಬೇಕಾಯಿತು, ಹೆಸರು ಮಾತ್ರ ಒಂದು ಮಧ್ಯಾಹ್ನ ಒಬ್ಬರ ಬಾಯಿಂದ ಹೊರಟು ಸಂಜೆಯೊಳಗೆ ಬಸ್ ನಿಲ್ದಾಣ ಮುಟ್ಟಿತು. ಹಾಗಂತ ನಾನು ಗಿಡ್ಡನಲ್ಲ. ಅತನೂರಿನ ನಮ್ಮ ಮನೆಯ ಬಾಗಿಲಲ್ಲಿ ತಲೆ ತಗ್ಗಿಸಿಯೇ ಬೆಳೆದವನು, ಈಗಲೂ ಮರೆತರೆ ಹಣೆಗೆ ಏಟು ಬೀಳುತ್ತದೆ. ಗಿಡ್ಡ ಇದ್ದದ್ದು ನಮ್ಮ ಠಾಣೆಯ ಏಣಿ.

ಹೆಸರಿಟ್ಟವರು ಮಾರುಕಟ್ಟೆ ಓಣಿಯ ಒಬ್ಬ ಅಜ್ಜಿ. ಊರೆಲ್ಲ ಅವರನ್ನು ಆಯಿ ಎನ್ನುತ್ತದೆ. ತೊಗರಿ ವ್ಯಾಪಾರದ ತುಂಬಿದ ಮನೆ ಅವರದು. ಕೆಳಗೆ ಬಾಡಿಗೆಗೆ ಕೊಟ್ಟ ಬಟ್ಟೆ ಅಂಗಡಿ, ಅದರ ಮೇಲೆ ಮಗನ ವ್ಯವಹಾರದ ಕೋಣೆಗಳು, ಅದರ ಮೇಲೆ ಸೊಸೆಯಂದಿರು ಮೊಮ್ಮಕ್ಕಳು ಗಿಜಿಗುಡುವ ಎರಡು ಅಂತಸ್ತು, ಎಲ್ಲದರ ಮೇಲೆ ಮಾಳಿಗೆ. ಆ ಮಾಳಿಗೆ ಆಯಿಯ ರಾಜ್ಯ. ಹಪ್ಪಳ, ಸಂಡಿಗೆ, ಶಾವಿಗೆ ಎಲ್ಲ ಅಲ್ಲೇ ಒಣಗಬೇಕು, ಯಾರು ಯಾವುದನ್ನು ತಿರುವಿ ಹಾಕಬೇಕು ಎಂಬುದು ಅವರ ಅಪ್ಪಣೆಯಂತೆಯೇ ನಡೆಯಬೇಕು. ಸಂಜೆಯಾದರೆ ಕೆಳಗಿಳಿದು ಎದುರು ಮನೆಯ ಕಟ್ಟೆಯ ಮೇಲೆ ತಮ್ಮ ಓರಗೆಯ ಹೆಂಗಸರ ಜೊತೆ ಕೂರುವರು. ತೊಗರಿಬೇಳೆ ಹಸನು ಮಾಡುತ್ತಾ ಊರಿನ ಸುದ್ದಿಯನ್ನೂ ಹಸನು ಮಾಡುವ ಜಾಗ ಅದು.

ಒಂದು ಮಧ್ಯಾಹ್ನ ಬಟ್ಟೆ ಅಂಗಡಿಯಲ್ಲಿ ವೈರು ಸುಟ್ಟು ಬೆಂಕಿ ಹತ್ತಿತು. ನಾವು ಹೋಗಿ ಮುಟ್ಟುವಷ್ಟರಲ್ಲಿ ಅಂಗಡಿಯವರು, ಮನೆಯವರು ಎಲ್ಲ ಹೊರಗೆ ಬಂದಿದ್ದರು. ಆಯಿ ಮಾತ್ರ ಮೇಲೆ. ಅವರ ಮೊಣಕಾಲು ಆಗಲೇ ಹದಗೆಟ್ಟಿದ್ದವು. ಮೆಟ್ಟಿಲು ಇಳಿಯಬೇಕಾದರೆ ಗೋಡೆ ಹಿಡಿದು, ಅಂತಸ್ತಿಗೊಮ್ಮೆ ಕೂತು, ದಣಿವಾರಿಸಿಕೊಂಡು ಇಳಿಯುವವರು. ಆ ಮೆಟ್ಟಿಲ ತುಂಬ ಈಗ ಕರಿ ಹೊಗೆ. ನೀರು ಬಿಡಲು ಹೇಳಿ, ಏಣಿ ಎತ್ತಿ ನಿಲ್ಲಿಸಿದೆವು. ಅದು ಮಾಳಿಗೆಯ ಅಂಚಿನ ಗಿಡ್ಡ ಗೋಡೆ, ನಮ್ಮ ಕಡೆಯ ಕುಂಬಿ, ಅದಕ್ಕಿಂತ ಒಂದಾಳು ಕೆಳಗೇ ನಿಂತುಬಿಟ್ಟಿತು. ಆಯಿ ಮೇಲಿಂದ ಬಗ್ಗಿ ಏಣಿಯ ತುದಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು.

"ಮುಟ್ಟಂಗಿಲ್ಲಂದ್ರ ಯಾಕ ತಂದ್ಯೋ ಗಿಡ್ಡ ಏಣಿ ಸಾಹೇಬಾ ಅದನ್ನ?"

ಹಿಂದೆ ಹೊಗೆ ಏಳುತ್ತಿದ್ದರೂ ಓಣಿಯ ಜನ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ನನಗೆ ಬೇಗ ಬರುತ್ತದೆ, ಬೇಗ ಇಳಿಯುತ್ತದೆ. ಆ ದಿನ ಮಾತ್ರ ಯಾರ ಮೇಲೆ ಮಾಡಿಕೊಳ್ಳಬೇಕೆಂದು ತಿಳಿಯದೆ ಅದು ನೆತ್ತಿಯಲ್ಲೇ ಉಳಿಯಿತು. ಪಕ್ಕದ ಮನೆಯ ಮಾಳಿಗೆ ಇವರ ಮಾಳಿಗೆಗೆ ಅಂಟಿಕೊಂಡಂತಿತ್ತು. ನಮ್ಮ ಹುಡುಗರು ಆ ಮನೆಯ ಮೆಟ್ಟಿಲು ಹತ್ತಿ ದಾಟಿಕೊಂಡು ಆಯಿಯ ಹತ್ತಿರ ಹೋದರು, ಹಿಂದೆ ನಾನೂ ಹೋದೆ. ನಡೆಸಿಕೊಂಡು ಬರುವ ಹಾಗಿರಲಿಲ್ಲ, ಎತ್ತಿಕೊಳ್ಳಲು ಆಯಿ ಹಗುರ ಇರಲಿಲ್ಲ. ಅಲ್ಲೇ ಅವರ ಕೈಕುರ್ಚಿ ಇತ್ತು, ಸಂಡಿಗೆಯ ಸೀರೆ ಕಟ್ಟುವ ಬಿದಿರು ಇದ್ದವು. ಕುರ್ಚಿಗೆ ಬಿದಿರು ಕಟ್ಟಿ ಹೊತ್ತು ಇಳಿಸುವುದೆಂದಾಯಿತು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಬಸವಣ್ಣನನ್ನು ನಂಬಿದ ನಮ್ಮ ಮನೆಗಳಲ್ಲಿ ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ. ಕುರ್ಚಿಯ ಮೇಲೆ ಕೂರಿಸಿ, ಬಿದಿರು ಕಟ್ಟಿ, ನಾಲ್ಕು ಮೂಲೆಗೆ ಬಾಳೆಕಂದು ನಿಲ್ಲಿಸಿ, ಹೂವಿನಿಂದ ಸಿಂಗರಿಸಿ, ಭಜನೆ ಹಾಡುತ್ತಾ ಹೆಗಲ ಮೇಲೆ ಒಯ್ಯುತ್ತೇವೆ. ಕೂರಿಸಿಯೇ ಮಣ್ಣು ಮಾಡುತ್ತೇವೆ. ಆ ಸಿಂಗರಿಸಿದ ಕುರ್ಚಿಗೆ ವಿಮಾನ ಎನ್ನುತ್ತಾರೆ. ನಮ್ಮ ಠಾಣೆಯ ಹುಡುಗರೆಲ್ಲ ಸುತ್ತಲಿನ ಹಳ್ಳಿಗಳವರೇ. ಕುರ್ಚಿಗೆ ಬಿದಿರು ಕಟ್ಟಿರೋ ಅಂದರೆ ಅವರ ಕೈಗಳು ತಾವಾಗಿಯೇ ತಮಗೆ ಗೊತ್ತಿದ್ದ ಗಂಟು ಹಾಕಿದವು. ಹೊಗೆ ತಗಲದಿರಲೆಂದು ಆಯಿಗೆ ಒದ್ದೆ ಮಾಡಿದ ಬಿಳಿ ದುಪ್ಪಟಿ ಹೊದಿಸಿದೆವು. ಮೂಗು ಬಾಯಿ ಮುಚ್ಚಿ ಗದ್ದದ ಕೆಳಗಿಂದ ತಲೆಗೆ ಬಟ್ಟೆ ಕಟ್ಟಿದೆವು. ಇಳಿಜಾರಿನಲ್ಲಿ ಮುಗ್ಗರಿಸದಂತೆ ಎದೆಗೊಂದು ಸುತ್ತು ಹಾಕಿ ಕುರ್ಚಿಗೆ ಬಿಗಿದೆವು. ಕಣ್ಣು ಮುಚ್ಚಿಕೊಳ್ಳಿ ಆಯಿ, ಉರಿಯುತ್ತವೆ ಎಂದವನು ನಾನೇ.

ಪಕ್ಕದ ಮನೆಯ ಬಾಗಿಲಿನಿಂದ ನಾಲ್ವರ ಹೆಗಲ ಮೇಲೆ ಆಯಿ ಓಣಿಗೆ ಬಂದಾಗ ನೋಡಿದವರಿಗೆ ಏನು ಕಂಡಿತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಗದ್ದಲ ಒಮ್ಮೆಲೇ ನಿಂತಿತು. ಗಂಡಸರು ಟೊಪ್ಪಿಗೆ ತೆಗೆದು ಕೈ ಮುಗಿದರು. ಅಂಗಡಿಗಳ ಶಟರು ಅರ್ಧಕ್ಕೆ ಇಳಿದವು. ಹೂವಿನ ಅಂಗಡಿಯವನು ಬೊಗಸೆ ತುಂಬ ಸೇವಂತಿಗೆ ತಂದು ಎರಚಿಯೇಬಿಟ್ಟ. ಎದುರು ಕಟ್ಟೆಯ ಹೆಂಗಸೊಬ್ಬಳು ಎದೆ ಬಡಿದುಕೊಂಡು ಹಾಡಿಕೊಂಡು ಅಳಲು ಶುರು ಮಾಡಿದಳು, ಎಂಥಾ ಚಲೋ ಜೀವ ಇತ್ತವ್ವಾ, ಒಂದು ದಿನ ಜೋರು ಮಾತಾಡಲಿಲ್ಲವ್ವಾ ಎಂದು. ಆಯಿ ಜೋರು ಮಾತಾಡದ ದಿನವನ್ನು ಆಳಂದ ಕಂಡಿರಲಿಲ್ಲ. ಅಷ್ಟರಲ್ಲಿ ಕುರ್ಚಿ ಕೆಳಗಿಳಿಯಿತು, ಆಯಿ ಬಾಯಿಯ ಬಟ್ಟೆ ಕಿತ್ತು ಕಣ್ಣು ಬಿಟ್ಟರು.

"ಅಳೂದು ಆಮ್ಯಾಲ ಅಳು ಬೇ. ಬ್ಯಾಳಿ ಜರಡಿ ಹಿಡಿಯೂ ನನ್ನ ಸಾಣಗಿ ಒಯ್ದಿದ್ದೆಲ್ಲ, ಅದನ್ನ ಯಾವಾಗ ಕೊಡ್ತಿ?"

ಅಳುತ್ತಿದ್ದವಳು ಕಟ್ಟೆಯಿಂದ ಜಾರಿ ಬಿದ್ದಳು. ಏನೂ ಆಗಲಿಲ್ಲ, ಪುಣ್ಯ. ಆದರೆ ಅಷ್ಟರೊಳಗೆ ಯಾರೋ ಜೇವರ್ಗಿಗೆ ಕೊಟ್ಟ ಮಗಳಿಗೆ ಫೋನು ಮಾಡಿಯಾಗಿತ್ತು. ಸಂಜೆ ಆಕೆ ಬೀಗರನ್ನೆಲ್ಲ ಜೀಪಿನಲ್ಲಿ ತುಂಬಿಕೊಂಡು, ಹೆಣಕ್ಕೆ ಹೊದಿಸುವ ಹೊಸ ಸೀರೆ ಮಡಿಲಲ್ಲಿಟ್ಟುಕೊಂಡು, ಊರ ಅಗಸೆ ಬಾಗಿಲಿನಿಂದಲೇ ಅಳುತ್ತಾ ಬಂದಳು. ಆಯಿ ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಸೀರೆಯ ಅಂಚು ಹಿಡಿದು ನೋಡಿ, ಬದುಕಿದ್ದಾಗ ಇಂಥ ಒಳ್ಳೆಯ ಸೀರೆ ತರಲಿಲ್ಲವಲ್ಲ ಎಂದರಂತೆ.

ಊರು ನಕ್ಕಿತು, ವಾರಗಟ್ಟಲೆ ನಕ್ಕಿತು. ಆಯಿಯೂ ನಕ್ಕರು. ಆದರೆ ಅದೇ ಸಂಜೆ ಅವರು ಒಂದು ಮಾತು ಆಡಿದ್ದರು, ಅದು ನಗೆಯದಲ್ಲ. ಹೊಗೆ ಹೋಗಿ ಮೆಟ್ಟಿಲು ತೊಳೆದಾದ ಮೇಲೆ ಮಗ ಎತ್ತಿಕೊಂಡು ಹೋಗುತ್ತೇನೆಂದರೆ ಬೇಡವೆಂದು, ಮೆಟ್ಟಿಲ ಮೇಲೆ ಕೂತು, ಮೇಲಿನ ಮೆಟ್ಟಿಲ ಕಡೆಗೆ ಬೆನ್ನು ಮಾಡಿ, ಕೈಯೂರಿ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಏರುತ್ತಾ ಮಾಳಿಗೆ ಮುಟ್ಟಿದರು. ಆ ಏರಿದ್ದೇ ಕಡೆ, ಮೆಟ್ಟಿಲಿನ ಮಟ್ಟಿಗೆ ಮೊಣಕಾಲು ಪೂರ್ತಿ ಕೈಕೊಟ್ಟವು. ಮೇಲೆ ಹೋಗಿ ಮಗನಿಗೆ, ನನಗೆ, ಅಲ್ಲಿದ್ದ ಎಲ್ಲರಿಗೂ ಕೇಳುವಂತೆ ಹೇಳಿದರು.

"ಮಂದಿ ಹೆಗಲ ಮ್ಯಾಲ ನಾ ಇನ್ನ ಒಂದೇ ಸರ್ತಿ ಇಳಿಯಾಕಿ. ಅದು ಖರೇ ಖರೇ ಸತ್ತಾಗ. ಅಲ್ಲೀತನ ಯಾರೂ ನನ್ನ ಕುರ್ಚಿ ಮುಟ್ಟಬ್ಯಾಡ್ರಿ."

ಅಂದಿದ್ದನ್ನು ಮಾಡಿದರು. ಮಗ ಎಷ್ಟು ಬೇಡಿಕೊಂಡರೂ ಆಯಿ ಕೆಳಗಿಳಿಯಲಿಲ್ಲ. ತರಕಾರಿಗೆ ಹಗ್ಗ ಕಟ್ಟಿ ಬುಟ್ಟಿ ಬಿಡುತ್ತಿದ್ದರು, ವೈದ್ಯರು ಮೇಲೆಯೇ ಹೋಗುತ್ತಿದ್ದರು. ಸಂಜೆ ಎದುರು ಕಟ್ಟೆಯಲ್ಲಿ ಅವರ ಓರಗೆಯವರು ಕೂತಾಗ ಕುಂಬಿಗೆ ಆತು ಮೇಲಿಂದಲೇ ಕೂಗಿ ಮಾತಾಡುತ್ತಿದ್ದರು. ಕೂಗಿ ಆಡುವ ಮಾತಿನಲ್ಲಿ ಗುಟ್ಟು ಹೇಳಲಾಗುವುದಿಲ್ಲವಲ್ಲ. ಕ್ರಮೇಣ ಕಟ್ಟೆಯವರು ತಮ್ಮತಮ್ಮಲ್ಲೇ ಮೆಲ್ಲಗೆ ಮಾತಾಡುವುದು ಹೆಚ್ಚಾಯಿತು. ನಾನು ಆ ಓಣಿಯಲ್ಲಿ ಹೋಗುವಾಗ ತಲೆಯೆತ್ತಿ ನೋಡಿದರೆ ಕುಂಬಿಯ ಮೇಲೆ ಎರಡು ಮೊಣಕೈ ಮತ್ತು ಒಂದು ಮುಖ ಇರುತ್ತಿತ್ತು, ಕೆಳಗೆ ನಗು ಕೇಳಿದಾಗಲೆಲ್ಲ ಅದು ಇನ್ನಷ್ಟು ಬಗ್ಗುತ್ತಿತ್ತು. 

ನನ್ನನ್ನು ಕಂಡರೆ ಮಾತ್ರ ಒಂದೇ ಪ್ರಶ್ನೆ.

"ಏಣಿ ಬೆಳೀತೇನೋ ಸಾಹೇಬಾ?"

"ಬೆಳಿಯಾಕತ್ತದರಿ ಆಯಿ."

"ಗೊಬ್ಬರ ಹಾಕು."

ಮುಂದೆ ಒಂದು ದಿನ ಮೇಲಿನ ಕಚೇರಿಯಿಂದ ಸುದ್ದಿ ಬಂತು. ನಮ್ಮ ಕಡೆಯ ತಾಲ್ಲೂಕುಗಳಿಗೆಂದು ಎತ್ತರಕ್ಕೆ ಏರುವ ಏಣಿ ಗಾಡಿಯೊಂದನ್ನು ಖರೀದಿಸುವ ವಿಚಾರವಿದೆ, ಆಳಂದ, ಅಫಜಲಪುರ, ಜೇವರ್ಗಿ ಮೂರೂ ಠಾಣೆಯವರು ಕೂತು ಎಂಥ ಗಾಡಿ ಬೇಕೆಂದು ಒಮ್ಮತದಿಂದ ಹೇಳಬೇಕು. ಹೇಳಲಾಗದಿದ್ದರೆ ಗಾಡಿ ಬೇರೆ ಜಿಲ್ಲೆಗೆ ಹೋಗುತ್ತದೆ. ಮೂರು ಠಾಣೆಗೆ ಒಂದು ಗಾಡಿ! ಮೂವರು ಅಳಿಯಂದಿರಿಗೆ ಒಂದೇ ಶಾಲು ಹೊದಿಸಿದ ಹಾಗೆ. ಆದರೂ ನನಗೆ ಖುಷಿಯಾಯಿತು. ಊಟ ಬಿಟ್ಟು ಎದ್ದು ಅಂಗಳದಲ್ಲಿ ಎರಡು ಸುತ್ತು ಹಾಕಿದೆ.

ಮೂವರೂ ಅಫಜಲಪುರದಲ್ಲಿ ಸೇರಿದೆವು. ಅಲ್ಲಿನ ಅಧಿಕಾರಿ ನನ್ನ ಜೊತೆ ತರಬೇತಿ ಮುಗಿಸಿದವನು, ದೊಡ್ಡ ದೇಹ, ಅದಕ್ಕಿಂತ ದೊಡ್ಡ ದನಿ. ಜೇವರ್ಗಿಯ ಅಧಿಕಾರಿ ಮೆತ್ತಗಿನ ಮನುಷ್ಯ. ಎಂಥ ಬೆಂಕಿಯಲ್ಲೂ ದನಿ ಏರಿಸದವರು. ಮೇಲಿನವರು ಮಾದರಿಗೆಂದು ಕಳಿಸಿದ್ದು ಮಹಾನಗರಗಳ ಗಗನಚುಂಬಿ ಕಟ್ಟಡಗಳಿಗೆ ತಕ್ಕ ಗಾಡಿಯ ಚಿತ್ರ. ಏಣಿ ಮೋಡಕ್ಕೆ ಮುಟ್ಟುವಂತಿತ್ತು. ಅಫಜಲಪುರದವನ ಕಣ್ಣು ಅರಳಿದವು.

"ಕೊಡೋರು ಕೊಡಾಕತ್ತಾರ, ಎಲ್ಲಕಿಂತ ಎತ್ತರದ್ದೇ ಕೇಳೂಣಪಾ. ನಾಕು ಮಂದಿ ನೋಡಿದ್ರ ಹೌದನ್ನಬೇಕು."

"ನಿಮ್ಮೂರಾಗ ಅಷ್ಟು ಎತ್ತರ ಏನದಲೇ?" ಎಂದೆ ನಾನು.

"ಸಕ್ಕರಿ ಕಾರ್ಖಾನಿ ಚಿಮಣಿ."

"ಚಿಮಣ್ಯಾಗ ಯಾರ ಮನಿ ಮಾಡ್ಯಾರ?"

ಜೇವರ್ಗಿಯವರು ನಡುವೆ ಮೆಲ್ಲಗೆ ಹೇಳಿದರು, ತಮ್ಮಲ್ಲಿ ಹತ್ತಿ ಗಿರಣಿಗಳ ತಗಡಿನ ಛಾವಣಿ ಎತ್ತರವಿಲ್ಲ, ಅಗಲವಿದೆ. ಮೇಲಿಂದ ಚಾಚಿ ನಡುವಿಗೆ ನೀರು ಬಿಡುವಂತಿರಬೇಕು ಎಂದು. ನನಗೆ ಬೇಕಾದದ್ದೂ ಹೆಚ್ಚುಕಡಿಮೆ ಅದೇ. ನಮ್ಮ ಓಣಿಗಳಲ್ಲಿ ಮನೆಗೂ ಗಾಡಿಗೂ ನಡುವೆ ವಿದ್ಯುತ್ ತಂತಿ ಇರುತ್ತದೆ, ಅಂಗಡಿಯ ತಗಡು ಇರುತ್ತದೆ, ಒಂದು ಬೇವಿನ ಮರವೂ ಇರುತ್ತದೆ. ನೇರ ಏಣಿ ಅವನ್ನೆಲ್ಲ ದಾಟಲಾರದು. ಏರಿ, ಮೊಣಕೈಯಂತೆ ಮಡಚಿ, ಬಾಗಿ ಮಾಳಿಗೆಗೆ ಇಳಿಯುವ ತೋಳು ಬೇಕು, ತುದಿಯಲ್ಲಿ ಜನ ನಿಲ್ಲುವ ತೊಟ್ಟಿಲು ಬೇಕು. ನಮ್ಮ ಇಲಾಖೆಯಲ್ಲಿ ಆ ಕಬ್ಬಿಣದ ಪಂಜರಕ್ಕೆ ತೊಟ್ಟಿಲು ಎಂದೇ ಹೇಳುತ್ತೇವೆ. ಏಣಿ ಇಳಿಯಲು ಮೊಣಕಾಲು ಬೇಕು, ತೊಟ್ಟಿಲಿಗೆ ಬೇಡ.

ಮಾತಿನಲ್ಲಿ ಅಫಜಲಪುರದವನು ಸೋಲುವವನಲ್ಲ. ಕೊನೆಗೆ ಒಂದು ಉಪಾಯ ಮಾಡಿದೆವು. ದೊಡ್ಡ ಗಾಡಿ ಎಷ್ಟು ಉದ್ದಗಲ ಇರುತ್ತದೋ ಅಷ್ಟಕ್ಕೆ ಬಿದಿರಿನ ಚೌಕಟ್ಟು ಕಟ್ಟಿ ಟ್ರ್ಯಾಕ್ಟರಿನ ಟ್ರಾಲಿಯ ಮೇಲೆ ನಿಲ್ಲಿಸಿ ಮೂರೂ ಊರಿನ ಓಣಿಗಳಲ್ಲಿ ತಿರುಗಿಸುವುದು. ಆ ಬಿದಿರಿನ ಪಂಜರ ಹೊತ್ತ ಟ್ರ್ಯಾಕ್ಟರು ಹೋದಲ್ಲೆಲ್ಲ ಜನ ಎದ್ದು ನಿಂತರು. ಯಾವ ಶರಣರ ಮೆರವಣಿಗಿರೀ ಇದು ಎಂದು ಕೇಳಿದರು. ಆಳಂದದಲ್ಲಿ ಅದು ಮೊದಲ ತಿರುವಿನಲ್ಲೇ ಕಿರಾಣಿ ಅಂಗಡಿಯ ಫಲಕ ಕಿತ್ತಿತು. ಜೇವರ್ಗಿಯಲ್ಲಿ ಒಂದು ಮದುವೆ ಮನೆಯ ಹಂದರಕ್ಕೆ ಸಿಕ್ಕಿಕೊಂಡು ಬೀಗರ ಬೈಗುಳ ತಿನ್ನಿಸಿತು. ಅಫಜಲಪುರದಲ್ಲಿ ಓಣಿಯ ನಡುವೆ ಸಿಲುಕಿ ಹಿಂದೆಯೂ ಬರದೆ ಮುಂದೆಯೂ ಹೋಗದೆ ನಿಂತಾಗ, ನಮ್ಮ ದೊಡ್ಡ ದನಿಯವನು ಹಣೆಯ ಬೆವರು ಒರೆಸಿಕೊಂಡು ಅಂದ, "ಆತು ಬಿಡಪಾ. ಸಣ್ಣದೇ ಕೇಳೂಣ. ಬಾಗೂದೇ ಕೇಳೂಣ."

ಅದಕ್ಕೆ ಅವನು ತನ್ನದೊಂದು ಸೇರಿಸಿದ. ನಮ್ಮ ಕಡೆ ರಾಶಿಯ ಕಾಲದಲ್ಲಿ ರೈತರು ತೊಗರಿಕಟ್ಟಿಗೆ, ಕಡಲೆ ಎಲ್ಲ ಡಾಂಬರು ರಸ್ತೆಯ ಮೇಲೆ ಹರವುತ್ತಾರೆ, ಗಾಡಿಗಳು ಹರಿದು ಕಾಳು ಬಿಡಿಸಿಕೊಡಲಿ ಎಂದು. ಆ ಒಣ ಹೊಟ್ಟು ಗಾಡಿಯ ಅಡಿಗೆ ಸುತ್ತಿಕೊಂಡು ಕಾದು ಬೆಂಕಿ ಹತ್ತುವುದುಂಟು. ಬೆಂಕಿ ಆರಿಸುವ ಗಾಡಿಯೇ ರಸ್ತೆಯಲ್ಲಿ ಹತ್ತಿ ಉರಿದರೆ ಮುಖ ಎಲ್ಲಿಡುವುದು? ಅಡಿಗೆ ತಗಡಿನ ಹೊದಿಕೆ ಇರಲೇಬೇಕು ಎಂದ. ಬರೋಬ್ಬರಿ ಮಾತು ಎಂದು ಒಪ್ಪಿದೆವು.

ಬೆಂಗಳೂರಿನ ಸಭೆಗೆ ಮೂವರೂ ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು ಹೋದೆವು. ತಾಂತ್ರಿಕ ಸಮಿತಿಯ ಹಿರಿಯ ಎಂಜಿನಿಯರು ಒಬ್ಬ ಮಹಿಳೆ, ನೆಟ್ಟಗೆ ನೋಡಿ ನೆಟ್ಟಗೆ ಕೇಳುವವರು. ನಾವು ಕೇಳಿದ್ದನ್ನು ಓದಿ ಕನ್ನಡಕ ತೆಗೆದಿಟ್ಟರು.

"ಎಲ್ಲರೂ ಎತ್ತರ ಜಾಸ್ತಿ ಮಾಡಿ ಅಂತ ಬರ್ತಾರೆ. ನೀವು ಕಡಿಮೆ ಮಾಡಿ ಅಂತಿದೀರಲ್ಲ. ತೊಟ್ಟಿಲಿನ ಬಾಗಿಲ ಹೊಸ್ತಿಲು ಇಷ್ಟು ತಗ್ಗು ಯಾಕೆ?"

"ಒಬ್ಬ ಆಯಿ ಅದಾರ್ರಿ ಮೇಡಂ," ಎಂದು ಶುರು ಮಾಡಿದೆ. ಅಫಜಲಪುರದವನು ಮೇಜಿನ ಕೆಳಗೆ ನನ್ನ ಕಾಲು ತುಳಿದ, ಸರ್ಕಾರಿ ಸಭೆಯಲ್ಲಿ ಇದೆಲ್ಲ ಯಾಕೆ ಎಂದು. ತುಳಿದರೆ ನಾನು ಇನ್ನೂ ಜೋರಾಗುತ್ತೇನೆ. ಗಿಡ್ಡ ಏಣಿ, ಕುರ್ಚಿ, ಬಿಳಿ ದುಪ್ಪಟಿ, ಜೇವರ್ಗಿಯ ಸೀರೆ ಎಲ್ಲ ಹೇಳಿದೆ. ಸಭೆ ನಗೆಯಲ್ಲಿ ಮುಳುಗಿತು. ಎಂಜಿನಿಯರೂ ನಕ್ಕು, ಕಣ್ಣೊರೆಸಿಕೊಂಡು, ಕನ್ನಡಕ ಮತ್ತೆ ಹಾಕಿಕೊಂಡರು.

"ಅಂದ್ರೆ ವಯಸ್ಸಾದವರು ಕೂತ್ಕೊಂಡು ಇಳಿಯೋ ಹಾಗೆ ತೊಟ್ಟಿಲಲ್ಲಿ ಸೀಟು ಬೇಕು, ಅಲ್ವಾ?"

"ಕೂತಲ್ರೀ ಮೇಡಂ. ನಿಂತು. ಹಿಡಕೊಳ್ಳಾಕ ಗಟ್ಟಿ ಕಂಬಿ ಇದ್ರ ಸಾಕು."

ಅವರು ಅದನ್ನು ತಮ್ಮ ಕೈಯಿಂದಲೇ ಬರೆದುಕೊಂಡರು. ಆ ಒಂದು ಕಂಬಿಗಾಗಿ ನಾನು ಅವರನ್ನು ಇವತ್ತಿಗೂ ನೆನೆಯುತ್ತೇನೆ.

ಆಮೇಲಿನ ಕಾಯುವಿಕೆ ಬಗ್ಗೆ ಹೆಚ್ಚು ಬರೆದರೆ ಓದುವವರೂ ಕಾಯಬೇಕಾಗುತ್ತದೆ. ಟೆಂಡರು ಕರೆದರು, ಒಬ್ಬನೇ ಬಂದನೆಂದು ಮತ್ತೆ ಕರೆದರು. ನಡುವೆ ಗಾಡಿ ಬೇರೆ ಕಡೆ ಹೋಯಿತಂತೆ ಎಂಬ ಗಾಳಿಸುದ್ದಿ ಬಂತು, ನನ್ನ ಜೀವ ಬಾಯಿಗೆ ಬಂತು. ಅಫಜಲಪುರದವನು ಘತ್ತರಗಿಗೆ ಹೋಗಿ ಭೀಮಾ ನದಿಯಲ್ಲಿ ಮುಳುಗೆದ್ದು, ಗಾಡಿ ಬಂದರೆ ಮೊದಲು ನಿನ್ನ ಬಾಗಿಲಿಗೇ ತರುತ್ತೇನೆಂದು ಅಲ್ಲಿನ ದೇವಿ ಭಾಗ್ಯವಂತಿಗೆ ಹರಕೆ ಹೊತ್ತು ಬಂದ. ಆಯಿ ಆ ದಿನಗಳಲ್ಲಿ ಸ್ವಲ್ಪ ಸೊರಗಿದ್ದರು. ಒಮ್ಮೆ ಮೇಲೆ ಹೋದಾಗ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟು, ಎಂದಿನ ಪ್ರಶ್ನೆ ಕೇಳದೆ ಬೇರೆಯೇ ಕೇಳಿದರು.

"ಎರಡರಾಗ ಯಾವುದು ಮೊದಲು ಬರ್ತದೋ ತಮ್ಮಾ? ನಿನ್ನ ತೊಟ್ಟಲೋ, ನನ್ನ ವಿಮಾನೋ?"

 ಏನೋ ತಮಾಷೆ ಮಾಡಿ ಎದ್ದುಬಂದೆ. ಮೆಟ್ಟಿಲು ಇಳಿಯುವಾಗ ನನ್ನ ಮೊಣಕಾಲು ಗಟ್ಟಿಯಿರುವುದಕ್ಕೇ ನಾಚಿಕೆಯಾಯಿತು.

ತೊಟ್ಟಿಲೇ ಮೊದಲು ಬಂತು. ಮಹಾರಾಷ್ಟ್ರದ ಕಾರ್ಖಾನೆಯೊಂದರಲ್ಲಿ ಕಟ್ಟಿದ್ದನ್ನು ನಾವೇ ಹೋಗಿ ನೋಡಿದೆವು. ಭಾರ ಪರೀಕ್ಷೆಗೆ ಮರಳಿನ ಚೀಲ ಹುಡುಕುತ್ತಿದ್ದಾಗ ಜೇವರ್ಗಿಯವರು ಎಂದಿನ ಮೆತ್ತಗಿನ ದನಿಯಲ್ಲಿ, ಚೀಲ ಯಾಕ್ರಿ, ಇವರು ಅದಾರಲ್ಲ ಎಂದು ಅಫಜಲಪುರದವನನ್ನು ತೋರಿಸಿದರು. ಅವನು ಹತ್ತಿದ, ತೋಳು ಏರಿತು, ಮಡಚಿತು, ಬಾಗಿತು, ಅಲುಗಲಿಲ್ಲ. ಮೇಲಿಂದ ಅವನು ಹೊಡೆದ ಕೇಕೆ ಕೇಳಿ ಕಾರ್ಖಾನೆಯವರು ಕೆಲಸ ಬಿಟ್ಟು ಹೊರಗೆ ಬಂದರು.

ಗಾಡಿಯನ್ನು ಒಪ್ಪಿಕೊಳ್ಳುವ ಮೊದಲು ಬಳಸುವ ಜಾಗದಲ್ಲೇ ಒಮ್ಮೆ ಪರೀಕ್ಷೆ ಆಗಬೇಕು. ಅದಕ್ಕೆ ಆಳಂದದ ಮಾರುಕಟ್ಟೆ ಓಣಿಯನ್ನೇ ಆರಿಸಿದೆ, ಯಾವ ಮನೆ ಎಂದು ಹೇಳಬೇಕಾಗಿಲ್ಲ. ಬೆಂಗಳೂರಿನ ಎಂಜಿನಿಯರು ತಾವೇ ಬಂದಿದ್ದರು. ಆಯಿ ಬೆಳಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಜೇವರ್ಗಿಯ ಮಗಳು ಅವತ್ತು ತಂದಿದ್ದ ಅದೇ ಹೊಸ ಸೀರೆ ಉಟ್ಟು, ವಿಭೂತಿ ಹಚ್ಚಿ, ಕುಂಬಿಯ ಹತ್ತಿರ ಕೋಲೂರಿ ನಿಂತಿದ್ದರು. ಓಣಿ ತುಂಬ ಜನ. ತಂತಿಯ ಕರೆಂಟು ತೆಗೆಸಿದ್ದೆ. ಕಾರ್ಖಾನೆಯಿಂದ ಅಫಜಲಪುರಕ್ಕೆ ಬಂದು ನಿಂತಿದ್ದ ಗಾಡಿ ಅಲ್ಲಿಂದ ಬರುವುದಷ್ಟೇ ಬಾಕಿ.

ಬಂತು. ಅದನ್ನು ನೋಡಿ ನನ್ನ ಎದೆ ಧಸಕ್ಕೆಂದಿತು.

ಹರಕೆಯವನು ಹರಕೆ ತೀರಿಸಿದ್ದ. ಬೆಳಗಿನ ಜಾವವೇ ಘತ್ತರಗಿಗೆ ಒಯ್ದು ಪೂಜೆ ಮಾಡಿಸಿದ್ದ. ಹೊಸ ಗಾಡಿ ಎಂದರೆ ನಮ್ಮಲ್ಲಿ ಬರಿಮೈಯಲ್ಲಿ ಊರೊಳಗೆ ಬರುವುದುಂಟೇ? ದಾರಿಯಲ್ಲಿ ಹೂವು ಬಾಡಿತೆಂದು ಬಸ್ ನಿಲ್ದಾಣದ ಹತ್ತಿರ ಮತ್ತೆ ಹೊಸ ಹೂವು ಕಟ್ಟಿಸಿದ್ದ. ಇಷ್ಟೂ ಸಿಂಗಾರ ತೊಟ್ಟಿಲಿಗೆ. ನಾಲ್ಕು ಮೂಲೆಗೆ ನಾಲ್ಕು ಬಾಳೆಕಂದು, ಸುತ್ತಲೂ ಚೆಂಡುಹೂವಿನ ಮಾಲೆ, ಮೇಲೆ ಸೇವಂತಿಗೆಯ ಜಾಲರಿ. ನಡುವೆ ಒಬ್ಬರು ಕೂರುವಷ್ಟು ಜಾಗ. ಅವನು ಹೆಮ್ಮೆಯಿಂದ ಮೀಸೆ ತಿರುವುತ್ತಾ ಇಳಿದ. ನಾನು ಬಾಯಿ ತೆಗೆಯುವಷ್ಟರಲ್ಲಿ ಗಾಡಿಯ ಕಬ್ಬಿಣದ ಕಾಲುಗಳು ಪಕ್ಕಕ್ಕೆ ಚಾಚಿ ಊರಿಕೊಂಡವು, ತೋಳು ತಂತಿ ದಾಟಿ, ಬೇವಿನ ಮರ ದಾಟಿ, ಚೆಂದಾಗಿ ಬಾಗಿ, ಮಾಳಿಗೆಯ ಅಂಚಿಗೆ ಬಂದು ನಿಂತಿತು. ಒಂದಾಳು ಕೆಳಗಲ್ಲ, ಒಂದು ಬೆರಳೂ ಕೆಳಗಲ್ಲ. ಜನ ಚಪ್ಪಾಳೆ ತಟ್ಟಿದರು.

ಆಯಿ ಮಾತ್ರ ಎರಡು ಹೆಜ್ಜೆ ಹಿಂದಕ್ಕೆ ಸರಿದರು.

ಹೆದರಿಕೆ ಇರಬೇಕು, ಎತ್ತರ ಅಲ್ವಾ ಎಂದರು ಎಂಜಿನಿಯರು. ಬಾ ಆಯಿ, ಏನಾಗಂಗಿಲ್ಲ ಎಂದು ಕೆಳಗಿನವರು ಕೂಗಿದರು. ಕಟ್ಟೆಯ ಹೆಂಗಸರು ಮಾತ್ರ ಕೂಗಲಿಲ್ಲ. ಅವರೂ ಬಾಳೆಕಂದು ನೋಡಿದ್ದರು. ನಾನು ಮೆಟ್ಟಿಲು ಏರಿದ ಪರಿ ನೋಡಿ ನನ್ನ ಸಿಬ್ಬಂದಿ ಎಲ್ಲೋ ಬೆಂಕಿ ಬಿತ್ತೆಂದುಕೊಂಡರಂತೆ. ಮಾಳಿಗೆಗೆ ಹೋದವನೇ ತೊಟ್ಟಿಲಿಗೆ ಹಾರಿ ಬಾಳೆಕಂದು ಕಿತ್ತೆಸೆದೆ. ಮಾಲೆ ಹರಿದೆ, ಜಾಲರಿ ಹರಿದೆ, ಎರಡೂ ಕೈಯಿಂದ ಬಾಚಿ ಕೆಳಗೆ ಚೆಲ್ಲಿದೆ. ಕೆಳಗೆ ಅಫಜಲಪುರದವನ ತಲೆ ಮೇಲೆಯೇ ಹೂವಿನ ಮಳೆ.

"ಏ, ದೇವರ ಹೂವಲೇ ಅವು! ತಲಿ ಕೆಟ್ಟದೇನು ನಿನಗ?"

 ಜೇವರ್ಗಿಯವರು ಅವನ ತೋಳು ಹಿಡಿದು ಕಿವಿಯಲ್ಲಿ ಏನೋ ಹೇಳಿದರು. ಅವನು ಮೇಲೆ ನೋಡಿದ, ತೊಟ್ಟಿಲು ನೋಡಿದ, ಆಯಿಯನ್ನು ನೋಡಿದ.  ತಲೆ ಮೇಲಿನ ಹೂವನ್ನು ಒಂದೊಂದಾಗಿ ತೆಗೆದು ಕಿಸೆಗೆ ಹಾಕಿಕೊಳ್ಳತೊಡಗಿದ.

ಬರಿ ಕಬ್ಬಿಣ ಉಳಿಯುವ ತನಕ ಆಯಿ ನೋಡುತ್ತಾ ನಿಂತರು. ಕಂಬಿಗೆ ಸಿಕ್ಕಿದ್ದ ಒಂದು ಚೆಂಡುಹೂವನ್ನು ಕೋಲಿನಿಂದ ತೋರಿಸಿ, ಅದೂ ಎಂದರು. ಅದನ್ನೂ ಕಿತ್ತೆ. ಆಮೇಲೆ ಅವರು ನನ್ನ ಭುಜ ಹಿಡಿದು, ತಗ್ಗಿನ ಬಾಗಿಲಲ್ಲಿ ಒಂದು ಕಾಲು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕಾಲು ಇಟ್ಟು ಒಳಗೆ ಬಂದರು. ಸೊಸೆ ಪುಟ್ಟ ಮಣೆಯೊಂದನ್ನು ತಂದು, ಕುಂಡ್ರಿ ಅತ್ತಿ ಎಂದಳು.

"ಕುಂಡ್ರಂಗಿಲ್ಲ," ಎಂದರು ಆಯಿ, ಕಂಬಿಯನ್ನು ಎರಡೂ ಕೈಯಿಂದ ಹಿಡಿದು.

ತೋಳು ಮೇಲೆದ್ದಿತು. ಆಯಿಯ ಮೊಣಕಾಲು ನಡುಗುತ್ತಿದ್ದದ್ದು ಸೀರೆಯ ನೆರಿಗೆಯಲ್ಲಿ ಕಾಣುತ್ತಿತ್ತು. ಕಣ್ಣು ಮಾತ್ರ ಬಿಟ್ಟೇ ಇದ್ದರು, ರೆಪ್ಪೆ ಕೂಡ ಬಡಿಯಬಾರದೆಂಬಂತೆ. ಊರಾಚೆಯ ತೊಗರಿ ಹೊಲ ಒಮ್ಮೆ ಕಂಡು ಮರೆಯಾಯಿತು, ಬೇವಿನ ತುದಿ ಪಕ್ಕದಲ್ಲೇ ಹಾದುಹೋಯಿತು, ಕೆಳಗಿನ ಮುಖಗಳು ದೊಡ್ಡದಾಗುತ್ತಾ ಬಂದವು. ಯಾರೂ ಕೈ ಮುಗಿಯಲಿಲ್ಲ, ಯಾವ ಶಟರೂ ಇಳಿಯಲಿಲ್ಲ. ತೊಟ್ಟಿಲು ನೆಲ ಮುಟ್ಟಿದಾಗ ಆಯಿ ಬಾಗಿಲು ತಾವೇ ತೆಗೆದು ಓಣಿಯ ಮಣ್ಣಿಗೆ ಕಾಲಿಟ್ಟರು. ನನಗೆ ಅಳು ಬಂತು. ಸಮವಸ್ತ್ರದಲ್ಲಿದ್ದೇನೆ ಎಂಬುದನ್ನೂ ಲೆಕ್ಕಿಸದೆ ಅತ್ತೆ, ಯಾಕೆ ಮುಚ್ಚಿಡಬೇಕು?

ಅಫಜಲಪುರದವನು ಕಿಸೆ ತುಂಬ ಹೂವಿಟ್ಟುಕೊಂಡು ದೂರದಲ್ಲಿ ನಿಂತಿದ್ದ. ಆಯಿ ಅವನನ್ನು ಕರೆದರು.

"ಬಾರೋ ತಮ್ಮಾ. ಈಗ ಕಟ್ಟು ಹೂವು. ಇನ್ನ ಎಷ್ಟರೆ ಕಟ್ಟು. ನಿನ್ನ ಗಾಡಿ ಚಲೋ ಅದ."

ಅವನು ಓಡಿಬಂದು ಕಟ್ಟಿದ. ಎಂಜಿನಿಯರು ಗಾಡಿ ಪರೀಕ್ಷೆಯಲ್ಲಿ ತೇರ್ಗಡೆಯಾಯಿತೆಂದರು. ಗಾಡಿ ಈಗ ಹಂಗಾಮಿಗೊಂದು ಊರಿನಲ್ಲಿರುತ್ತದೆ. ಕಬ್ಬು ನುರಿಸುವಾಗ ಅಫಜಲಪುರ, ಹತ್ತಿಯ ಕಾಲಕ್ಕೆ ಜೇವರ್ಗಿ, ತೊಗರಿ ರಾಶಿಗೆ ಆಳಂದ. ಆಯಿಯ ಸಲುವಾಗಿ ಆಳಂದದ ಹಂಗಾಮನ್ನು ನಾನು ಸ್ವಲ್ಪ ಹಿಗ್ಗಿಸುತ್ತೇನೆಂದು ಅವರಿಬ್ಬರ ದೂರು ಇದ್ದೇ ಇದೆ.

ಆ ದಿನ ಆಯಿ ಕೋಲೂರಿಕೊಂಡು ಎದುರು ಕಟ್ಟೆಗೆ ಹೋಗಿ ತಮ್ಮ ಹಳೆಯ ಜಾಗದಲ್ಲಿ ಕೂತರು. ಅಂದು ಎದೆ ಬಡಿದುಕೊಂಡು ಅತ್ತಿದ್ದ ಹೆಂಗಸು ಒಳಗೆ ಹೋಗಿ ಸಾಣಗಿ ತಂದು ಅವರ ಮಡಿಲಲ್ಲಿಟ್ಟಳು. ಆಯಿ ಅವಳ ಕಿವಿಯ ಹತ್ತಿರ ಬಗ್ಗಿ ಏನೋ ಪಿಸುಗುಟ್ಟಿದರು, ಇಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕರು. ಪರೀಕ್ಷೆ ಮುಗಿದು ಗಾಡಿ ಹೊರಡುವ ಹೊತ್ತಾಗಿತ್ತು. ನಾನು ಹತ್ತಿರ ಹೋಗಿ, ಬರ್ರಿ ಆಯಿ, ಮೇಲೆ ಬಿಟ್ಟು ಬರುತ್ತೇನೆ ಎಂದೆ. ಅವರು ಬೇಳೆಯಿಂದ ತಲೆ ಎತ್ತಲಿಲ್ಲ.

"ತೆಳಗ ಇಳಿಯಾಕ ಇಷ್ಟು ದಿನ ಹತ್ಯಾವ. ಮ್ಯಾಲ ಹೋಗಾಕ ಏನು ಅವಸರ ಅದ ಸಾಹೇಬಾ?"